ಯೂದನಿಗೂ ಒಂದು ಭಾನುವಾರ

ರಾಜಾಜಿನಗರ,
ಬೆಂಗಳೂರು ೧೦
೮-೩-೧೯೭೪

ಪ್ರೀತಿಯ ತಮ್ಮ ಕರುಣಾಕರನಿಗೆ,

ಅಕ್ಕನ ನೆನಪು, ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರವಿಲ್ಲವೆಂದು ಮುನಿಸಿಕೊಂಡಿದ್ದೀಯೋ ಏನೋ. ಮುನಿಸಿಕೊಳ್ಳುವುದಾದರೆ ಸೀಮೆಎಣ್ಣೆ ಅಂಗಡಿಯವನ ಮೇಲೆ ಮುನಿಸಿಕೋ. ಪೆನ್ನು ಹಿಡಿದು ಕೂತಾಗಲೆಲ್ಲ ನಮ್ಮ ಮನೆಯ ಯಜಮಾನಿ ಲಕ್ಷ್ಮಿದೇವಮ್ಮನವರು ಹಿತ್ತಲಿನಿಂದ, “ವಿಮಲಮ್ಮಾ, ಎಣ್ಣೆ ಬಂತಂತೆ, ಡಬ್ಬ ತಗೊಂಡು ಓಡಿ!” ಎಂದು ಕೂಗುತ್ತಾರೆ. ಓಡಿಹೋಗಿ ನಿಂತರೆ ಅರ್ಧ ರಾಜಾಜಿನಗರ ನನ್ನ ಮುಂದೆ ನಿಂತಿರುತ್ತದೆ. ನನ್ನ ಸರದಿ ಬರುವಷ್ಟರಲ್ಲಿ ಅವನು ಬಾಗಿಲು ಎಳೆದುಬಿಡುತ್ತಾನೆ. ಖಾಲಿ ಡಬ್ಬ ಹಿಡಿದು ಮನೆಗೆ ಬಂದವಳಿಗೆ ತಮ್ಮನಿಗೆ ಕಾಗದ ಬರೆಯುವ ಮನಸ್ಸು ಎಲ್ಲಿಂದ ಬರಬೇಕು?

ನಾವು ಕ್ಷೇಮ. ನಿನ್ನ ಭಾವನಿಗೆ ಫ್ಯಾಕ್ಟರಿಯಲ್ಲಿ ಮತ್ತೆ ಸೆಕೆಂಡ್ ಶಿಫ್ಟ್ ಹಾಕಿದ್ದಾರೆ. ದಿನಾ ಮ್ಯಾನೇಜರನನ್ನು ಬೈದುಕೊಂಡೇ ಸೈಕಲ್ ಹತ್ತುತ್ತಾರೆ. ನೀನು ಕುಣಿಗಲ್ಲಿನಲ್ಲಿ ಹೇಗಿದ್ದೀಯ? ಪಾದ್ರಿಯಾಗಿ ದೀಕ್ಷೆಯಾದ ಮೇಲೆ ನಿನ್ನ ಪಾಲಿಗೆ ಬಂದ ಮೊದಲ ಸಭೆ, ಎಲ್ಲರೂ ನಿನ್ನನ್ನು ಅಯ್ಯನವರೇ ಅಯ್ಯನವರೇ ಎಂದು ಕರೆಯುವಾಗ ನಗು ಬರುವುದಿಲ್ಲವೇ? ನನಗಂತೂ ಇಲ್ಲಿ ಕೂತೇ ನಗು ಬರುತ್ತದೆ. ಊಟಕ್ಕೇನು ಮಾಡುತ್ತೀಯ? ನೀನು ಮಾಡುವ ಸಾರನ್ನು ನಾನು ಒಮ್ಮೆ ತಿಂದಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಈಗ ನಿಜವಾದ ಸಮಾಚಾರಕ್ಕೆ ಬರುತ್ತೇನೆ. ನಮ್ಮ ಚರ್ಚಿನ ಬುಧವಾರದ ಮಹಿಳಾ ಕೂಟದಲ್ಲಿ ಈಸ್ಟರಿಗೆ ಮುಂಚಿನ ಈ ಲೆಂಟ್ ಕಾಲಕ್ಕೆ ಯೇಸುವಿನ ಶಿಷ್ಯರನ್ನು ಪಾಠಕ್ಕೆ ತೆಗೆದುಕೊಂಡಿದ್ದೇನೆ. ಯಾರು ಕೊನೆಯವರೆಗೆ ನಿಂತರು, ಯಾರು ಓಡಿಹೋದರು, ಯಾಕೆ ಓಡಿಹೋದರು, ಇಷ್ಟೇ ಪಾಠ. ಮೊನ್ನೆ ಯೂದನ ಸರದಿ ಬಂತು. ಸುಂಕದಕಟ್ಟೆಯಿಂದ ಬರುವ ಚಿಕ್ಕಗಂಗಮ್ಮ ಈಗೀಗ ಅಕ್ಷರ ಕೂಡಿಸಿ ಓದುವುದನ್ನು ಕಲಿತಿದ್ದಾಳೆ. ಉತ್ಸಾಹ ಬರಲೆಂದು ಅವಳ ಕೈಗೇ ಸತ್ಯವೇದ ಕೊಟ್ಟೆ. ಆತನನ್ನು ‘ಹಿಡುಕೊಟ್ಟ’ ಯೂದನು ಎಂಬ ಕಡೆ ಬಂದು ತಡವರಿಸಿದಳು. “ಹಿಡಿ... ಕೊಟ್ಟ... ಯೂದನು” ಎಂದು ಓದಿ ತಲೆಯೆತ್ತಿ, “ಒಂದ್ ಹಿಡಿ ಏನ್ ಕೊಟ್ಟ ಅಕ್ಕಯ್ಯ? ರಾಗೀನಾ?” ಎಂದಳು. ಕೂಟವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. “ಹಿಡಿಯಲ್ಲ ಕಣಮ್ಮ, ಹಿಡಿದು ಕೊಟ್ಟ. ತನ್ನ ಗುರುವನ್ನೇ ವೈರಿಗಳ ಕೈಗೆ ಕೊಟ್ಟ” ಎಂದೆ. ಅವಳು ಬಿಡಬೇಕಲ್ಲ. “ಕೊಟ್ಟ ಅಂದ್ರೆ ಒಳ್ಳೇದ್ ಮಾಡ್ದಂಗೇ ಕೇಳ್ತದಲ್ಲ ಅಕ್ಕಯ್ಯ” ಎಂದಳು. ಆಗ ನೀನು ಕ್ರಿಸ್‌ಮಸ್ಸಿಗೆ ಬಂದಾಗ ಹೇಳಿದ್ದು ನನಗೆ ನೆನಪಾಯಿತು.

ನಿನಗೂ ನೆನಪಿರಬೇಕು. ಹಿತ್ತಲ ಕಟ್ಟೆಯ ಮೇಲೆ ನೆನೆಹಾಕಿದ ಅವರೆಕಾಳು ಹಿದುಕುತ್ತ ಕೂತಿದ್ದೆವು. ನೀನು ಹೇಳಿದೆ, “ಅಕ್ಕ, ಮೂಲ ಗ್ರೀಕ್‌ನಲ್ಲಿ ಯೂದ ಮಾಡಿದ್ದಕ್ಕೆ ಇರೋ ಮಾತು ಬರೀ ‘ಒಪ್ಪಿಸಿಕೊಟ್ಟ’ ಅಂತ. ದೇವರು ತನ್ನ ಮಗನನ್ನ ನಮಗೋಸ್ಕರ ಒಪ್ಪಿಸಿಕೊಟ್ಟ ಅಂತ ಪೌಲ ಬರೀತಾನಲ್ಲ, ಅಲ್ಲೂ ಅದೇ ಮಾತು. ಕನ್ನಡಕ್ಕೆ ತಂದೋರು ದೇವರಿಗೆ ಒಂದು ಮಾತು, ಯೂದನಿಗೆ ಒಂದು ಮಾತು ಇಟ್ಟರು.” ಒಳಗಿನಿಂದ ನಿನ್ನ ಭಾವ, “ಅವನು ಹಿಡುಕೊಟ್ಟ, ನೀವು ಹಿದುಕ್ತಾ ಇದೀರ. ಆ ಬೇಳೆ ಸಾರಿಗೆ ಬೀಳೋದು ಯಾವಾಗ?” ಎಂದು ಕೂಗಿದರು. ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ ಹೇಳಿದ್ದು ನನ್ನೊಳಗೆ ಹಾಗೇ ಕೂತಿದೆ: “ಗುರುವನ್ನ ಹಿಡಿದ ರಾತ್ರಿ ಪೇತ್ರ ಮಹಾಯಾಜಕನ ಅಂಗಳದಲ್ಲಿ ನಿಂತು ಮೂರು ಸಲ ‘ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ’ ಅಂದ. ಯೂದ ಒಂದು ಸಲ ಹಿಡಿದುಕೊಟ್ಟ. ಇಬ್ಬರೂ ಕೈಬಿಟ್ಟೋರೇ ಅಕ್ಕ. ಪೇತ್ರ ಭಾನುವಾರದವರೆಗೂ ಬದುಕಿದ್ದ, ಸಮಾಧಿಯಿಂದ ಎದ್ದುಬಂದ ಗುರು ಅವನನ್ನ ಮಾತಾಡಿಸಿದ. ಯೂದ ತಾಳಲಾರದೆ ಅದಕ್ಕೆ ಮುಂಚೇನೇ ನೇಣು ಹಾಕ್ಕೊಂಡ. ತಾಳಿದ್ದಿದ್ರೆ ಅವನಿಗೂ ಕ್ಷಮೆ ಇತ್ತು.”

ಇದನ್ನೇ ಕೂಟದಲ್ಲಿ ಹೇಳಿದೆ. ನಮ್ಮ ಸಭೆಯ ಹಿರಿಯರಾದ ಮರಿಯಪ್ಪನವರ ಸೊಸೆ ಪ್ರಭಾ, ಹೊಸದಾಗಿ ಮದುವೆಯಾಗಿ ಬಂದವಳು, “ಕೊನೇ ಊಟದ ದಿನ ಯೇಸು ಅವನ ಕಾಲನ್ನೂ ತೊಳೆದ್ರಾ ಆಂಟಿ?” ಎಂದು ಕೇಳಿದಳು. “ತೊಳೆದರು. ಇವನು ಏನು ಮಾಡಲಿದ್ದಾನೆಂದು ಗೊತ್ತಿದ್ದೇ ತೊಳೆದರು” ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ ಕಣೋ. ವಾರದ ಉಳಿದ ದಿನಗಳಲ್ಲಿ ನಾನು ಯಾರದೋ ಹೆಂಡತಿ, ಬಾಡಿಗೆ ಮನೆಯವಳು, ಎಣ್ಣೆಯ ಸಾಲಿನಲ್ಲಿ ನಿಂತ ಹೆಂಗಸು. ಬುಧವಾರ ಮಾತ್ರ ನಾನು ವಿಮಲಮ್ಮ. ಆ ಒಂದು ಮಧ್ಯಾಹ್ನಕ್ಕಾಗಿ ಉಳಿದದ್ದನ್ನೆಲ್ಲ ಮಾಡುತ್ತೇನೆ ಎಂದರೂ ನಡೆಯುತ್ತದೆ.

ನಿನ್ನ ಹೆಸರನ್ನು ಮಾತ್ರ ಹೇಳಲಿಲ್ಲ. ನನ್ನ ತಮ್ಮ ಗ್ರೀಕ್ ಓದಿದವನು ಎಂದು ಜಂಭ ಕೊಚ್ಚಿಕೊಂಡಂತೆ ಆದೀತೆಂದು ಸುಮ್ಮನಿದ್ದೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಪ್ರಸಂಗಕ್ಕೆ ನಿನ್ನನ್ನೇ ಕರೆಸುತ್ತಾರಂತೆ. ನಮ್ಮ ಅಯ್ಯನವರು ಮೇ ತಿಂಗಳಿಗೆ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ನಿನ್ನ ಹೆಸರೂ ಓಡಾಡುತ್ತಿದೆ ಎಂದು ಕೇಳಿದೆ. ನನಗೆ ಇದಕ್ಕಿಂತ ಹೆಚ್ಚು ಏನು ಬೇಕು? ಬರುವ ಮುಂಚೆ ಒಂದು ಕಾರ್ಡು ಹಾಕು.

ನಿನ್ನ ಅಕ್ಕ,
ವಿಮಲ


ರಾಜಾಜಿನಗರ
೨೧-೩-೧೯೭೪

ಪ್ರೀತಿಯ ಕರುಣ,

ಅಕ್ಕನ ಆಶೀರ್ವಾದ. ಈ ಸಲ ತಡಮಾಡದೆ ಬರೆಯುತ್ತಿದ್ದೇನೆ, ನೀನೂ ತಡಮಾಡದೆ ಓದು.

ಸೋಮವಾರ ಮರಿಯಪ್ಪನವರು ಮನೆಗೆ ಬಂದಿದ್ದರು. ರೈಲ್ವೆಯಿಂದ ನಿವೃತ್ತರಾದ ಮೇಲೆ ಅವರಿಗೆ ನಮ್ಮ ಚರ್ಚೇ ಸ್ಟೇಷನ್ನು. ಯಾವ ಗಾಡಿ ಬರಬೇಕು, ಯಾವ ಗಾಡಿ ಬರಬಾರದು ಎಂದು ಅವರೇ ನೋಡಬೇಕು. ಕಾಫಿ ಕೊಟ್ಟೆ. ಬೇಡವೆಂದರು. ಹಿರಿಯರು ಕಾಫಿ ಬೇಡವೆಂದಾಗಲೇ ನನಗೆ ಅರ್ಥವಾಯಿತು, ಇವರು ಬಂದಿರುವುದು ನೆಂಟಸ್ತನಕ್ಕಲ್ಲ.

“ವಿಮಲಮ್ಮ, ಯೂದನಿಗೂ ಕ್ಷಮೆ ಇತ್ತು ಅಂತ ಹೆಂಗಸರಿಗೆ ಹೇಳಿದ್ರಂತೆ?”

“ತಾಳಿದ್ದಿದ್ರೆ ಇತ್ತು ಅಂದೆ.”

“ದೇವರು ಮಾಡಿದ್ದೂ ಯೂದ ಮಾಡಿದ್ದೂ ಒಂದೇ ಅಂದ್ರಂತೆ?”

“ಮಾತು ಒಂದೇ ಅಂದೆ. ಕೆಲಸ ಒಂದೇ ಅನ್ಲಿಲ್ಲ.”

“ನಿಮಗೆ ಗ್ರೀಕ್ ಬರುತ್ತೇನಮ್ಮ?”

“ಬರಲ್ಲ. ಓದಿ ತಿಳಿದೋರು ಹೇಳಿದ್ದು.”

“ಯಾರು?”

ನಾನು ಗಡಿಯಾರ ನೋಡಿದೆ, ಬಾಗಿಲ ಕಡೆ ನೋಡಿದೆ, ಕಾಫಿ ಆರಿಹೋಗುತ್ತಿದೆ ಎಂದೆ. ಅವರು ಎದ್ದು ನಿಂತು, “ದ್ರೋಹ ಮಾಡಿದೋನ ಮೇಲೆ ಅಯ್ಯೋ ಪಾಪ ಅನ್ನೋದನ್ನ ಕಲಿಸಿದ್ರೆ ನಾಳೆ ಸಭೇಲಿ ನಿಯತ್ತು ಅನ್ನೋದು ಉಳಿಯುತ್ತೇನಮ್ಮ?” ಎಂದರು. ಆ ಮಾತು ನನಗೂ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಮರಿಯಪ್ಪನವರು ಕೆಟ್ಟವರಲ್ಲ. ಈ ಸಭೆಯ ಗೋಡೆ ಎದ್ದದ್ದೇ ಅವರ ಓಡಾಟದಿಂದ. ಆದರೆ ಯಾರ ಮೇಲೂ ಅಯ್ಯೋ ಪಾಪ ಅನ್ನದಿದ್ದರೆ ನಿಯತ್ತು ಉಳಿಯುತ್ತದೆಯೇ? ಉತ್ತರ ನನ್ನ ನಾಲಿಗೆಯ ತುದಿಗೆ ಬಂದದ್ದು ಅವರು ಗೇಟು ದಾಟಿದ ಮೇಲೆ. ನನ್ನ ಹಣೆಬರಹವೇ ಅಷ್ಟು.

ಗೋಡೆಯ ಆಚೆ ಎಲ್ಲವನ್ನೂ ಕೇಳಿಸಿಕೊಂಡ ಲಕ್ಷ್ಮಿದೇವಮ್ಮನವರು ಆಮೇಲೆ ಬಂದು, “ಅಲ್ಲ ವಿಮಲಮ್ಮ, ಯಾವ ಕಾಲದಲ್ಲೋ ಸತ್ತೋದೋನಿಗೆ ಈಗ ಕ್ಷಮೆ ಕೊಟ್ರೆ ಇವರಿಗೇನ್ ಖರ್ಚು?” ಎಂದರು. ಅಷ್ಟರಲ್ಲೂ ನಗು ಬಂತು.

ಏಪ್ರಿಲ್ ಆರು, ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ವಿಚಾರಣೆ ಇಟ್ಟಿದ್ದಾರೆ. ಸುತ್ತಲಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ವಲಯದ ಅಧ್ಯಕ್ಷರು ಬರುತ್ತಾರಂತೆ. ಧಾರವಾಡದ ಕಡೆಯವರು, ಈ ಹುದ್ದೆಗೆ ಹೊಸಬರು, ನಮ್ಮಲ್ಲಿ ಯಾರನ್ನೂ ಅರಿಯರು. ಮರುದಿನದ ಪ್ರಸಂಗಕ್ಕೆ ಹೇಗೂ ನೀನು ಬರುವವನು. ಗ್ರೀಕ್ ತಿಳಿದವನೆಂದು ನಿನ್ನ ಅಭಿಪ್ರಾಯವನ್ನೇ ಕೇಳುತ್ತಾರಂತೆ. ಇದನ್ನು ಕೇಳಿದಾಗ ಭಾವ, “ಕಳ್ಳನ್ನೇ ಕರ್ಸಿ ಸಾಕ್ಷಿ ಕೇಳ್ತಾರಲ್ಲೇ!” ಎಂದು ತೊಡೆ ತಟ್ಟಿಕೊಂಡು ನಕ್ಕರು.

ನೀನು ಮಾಡಬೇಕಾದದ್ದು ಹೆಚ್ಚೇನಿಲ್ಲ. ಈ ಮಾತು ನಾನು ಹೇಳಿಕೊಟ್ಟದ್ದು, ಇದರಲ್ಲಿ ತಪ್ಪಿಲ್ಲ ಎಂದರೆ ಸಾಕು. ನಾನು ಹೇಳಿದರೆ ಹೆಂಗಸಿನ ಹರಟೆ, ನೀನು ಹೇಳಿದರೆ ವ್ಯಾಖ್ಯಾನ. ಹೇಳದಿದ್ದರೆ ಬುಧವಾರದ ಪಾಠ ನನ್ನ ಕೈತಪ್ಪುತ್ತದೆ. ಅದು ತಪ್ಪಿದರೆ ನನಗೆ ಏನಾಗುತ್ತದೆಂದು ನಿನಗೆ ಬರೆಯಬೇಕಾಗಿಲ್ಲ.

ಇನ್ನೊಂದು ಮಾತು. ಬೆಂಗಳೂರಿನ ಜಾಗ ನಿನಗೆ ಸಿಗುವುದು ಬಿಡುವುದು ಮರಿಯಪ್ಪನವರ ಕೈಯಲ್ಲೂ ಇದೆ ಎಂಬುದು ನನಗೆ ಗೊತ್ತು. ಇದರಿಂದ ನಿನಗೆ ತೊಂದರೆಯಾಗುತ್ತದೆ ಎನ್ನಿಸಿದರೆ ಈಗಲೇ ಬರೆದು ತಿಳಿಸು. ನಾನೇ ತಪ್ಪಾಯಿತೆಂದು ಒಪ್ಪಿಕೊಂಡುಬಿಡುತ್ತೇನೆ. ನೀನು ಬರುವುದೇ ಬೇಡ, ಹೊಟ್ಟೆನೋವೆಂದು ಹೇಳಿ ಅಲ್ಲೇ ಇದ್ದುಬಿಡು. ನನಗೆ ಕೋಪ ಬರುವುದಿಲ್ಲ. ಬಂದರೂ ಊಟ ಮಾಡುವಷ್ಟರಲ್ಲಿ ಇಳಿಯುತ್ತದೆ, ನಿನಗೆ ಗೊತ್ತಲ್ಲ.

ನಿನ್ನ ಅಕ್ಕ,
ವಿಮಲ


ರಾಜಾಜಿನಗರ
೧೯-೪-೧೯೭೪

ತಮ್ಮ ಕರುಣಾಕರನಿಗೆ,

ಆಶೀರ್ವಾದ. ತಡವಾಯಿತು. ಈ ಸಲ ಸೀಮೆಎಣ್ಣೆಯ ನೆವ ಹೇಳುವುದಿಲ್ಲ. ಮನ್ನಿಸು ಎಂದು ಕೇಳಬೇಕೋ ಬೇಡವೋ ತಿಳಿಯದೆ ಪೆನ್ನು ಹಿಡಿದಿದ್ದೇನೆ.

ಶನಿವಾರ ನಡೆದದ್ದನ್ನು ನಿನಗೆ ನಾನು ವರದಿ ಮಾಡಬೇಕಾಗಿಲ್ಲ, ನೀನೇ ಇದ್ದೆ. ಆದರೆ ನೀನು ಕೂತದ್ದು ಮೇಜಿನ ಹಿಂದೆ, ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ. ನಾನು ಕೂತದ್ದು ಪಕ್ಕದ ಬಾಗಿಲ ಹತ್ತಿರ, ಹೆಂಗಸರ ಚಾಪೆಯ ಮೇಲೆ. ಅಲ್ಲಿಂದ ಹೇಗೆ ಕಂಡಿತೆಂದು ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನನ್ನ ಕಾಗದಕ್ಕೆ ನೀನು ಕಾರ್ಡು ಹಾಕಿದ್ದೆಯಲ್ಲ, ‘ಚಿಂತೆ ಬೇಡ ಅಕ್ಕ, ನಾನಿದ್ದೇನೆ’ ಎಂದು. ಆ ಧೈರ್ಯದಲ್ಲಿ ನಾನು ಬೆಳಿಗ್ಗೆಯೇ ಎದ್ದು ಬಸ್ಸಾರು ಮಾಡಿ, ಮುದ್ದೆಗೆ ಹಿಟ್ಟು ತೆಗೆದಿಟ್ಟು, ನಿನ್ನ ಬಸ್ಸಿನ ದಾರಿ ನೋಡುತ್ತಿದ್ದೆ. ನೀನು ಬರಲಿಲ್ಲ. “ಬಸ್ಸು ಕೆಟ್ಟಿರಬೇಕು ಬಿಡೇ” ಎಂದರು ಭಾವ. ಚರ್ಚಿಗೆ ಹೋದರೆ ನೀನು ಮರಿಯಪ್ಪನವರ ಜೊತೆ ಬಂದೆ, ಬಾಯಲ್ಲಿ ಅವರ ಮನೆಯ ಎಲೆಅಡಿಕೆ. ಆಗಲೂ ನಾನು ತಪ್ಪು ತಿಳಿಯಲಿಲ್ಲ. ಹಿರಿಯರು ಬಸ್‌ಸ್ಟಾಪಿನಲ್ಲೇ ಕಾದಿದ್ದು ಊಟಕ್ಕೆ ಎಳೆದುಕೊಂಡು ಹೋಗಿರಬೇಕು, ಇವನು ದಾಕ್ಷಿಣ್ಯದವನು ಎಂದುಕೊಂಡೆ.

ಮರಿಯಪ್ಪನವರು ನನ್ನ ಪಾಠವನ್ನು ಅಧ್ಯಕ್ಷರ ಮುಂದೆ ವಿವರಿಸಿದರು. ಎರಡು ಮಾತು ಹೆಚ್ಚು ಹೇಳಿದರು, ಇರಲಿ. ಅಧ್ಯಕ್ಷರು ನಿನ್ನ ಕಡೆ ತಿರುಗಿದರು. ನೀನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಾನು ಚಾಪೆಯ ಮೇಲೆ ನೆಟ್ಟಗೆ ಕೂತೆ. ಪಕ್ಕದಲ್ಲಿದ್ದ ಚಿಕ್ಕಗಂಗಮ್ಮನ ಮೊಣಕೈ ತಿವಿದು, “ಈಗ ಕೇಳು” ಎಂದೆ.

“ಮೂಲಭಾಷೆಯ ಪದಗಳ ವಿಚಾರ ಬಹಳ ಸೂಕ್ಷ್ಮವಾದದ್ದು” ಎಂದೆ ನೀನು. “ಅರೆಬರೆ ತಿಳಿದವರು ಅದಕ್ಕೆ ಕೈಹಾಕಿದರೆ ಅಪಾಯ. ಈ ಸಹೋದರಿಯವರು ಇದನ್ನೆಲ್ಲ ಎಲ್ಲಿ ಕೇಳಿದರೋ ನನಗೆ ತಿಳಿಯದು. ಉದ್ದೇಶ ಒಳ್ಳೆಯದೇ ಇರಬಹುದು.”

“ಅಂದ್ರ, ಯೂದಗ ಕ್ಷಮಾ ಇತ್ತೋ ಇಲ್ಲೋ?” ಎಂದು ಅಧ್ಯಕ್ಷರು ಕೇಳಿದರು.

“ಸತ್ಯವೇದದಲ್ಲಿ ಹಾಗೆ ಬರೆದಿಲ್ಲ” ಎಂದೆ ನೀನು.

ಚಿಕ್ಕಗಂಗಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ನಮ್ಮ ಅಯ್ಯನವರು ಪಾಪ, ನಿವೃತ್ತಿಯಾಗುವ ಮನುಷ್ಯ, ಕಿಟಕಿಯ ಹೊರಗೆ ನೋಡುತ್ತಿದ್ದರು. “ನಿಮ್ಮದೇನರ ಹೇಳೂದು ಐತೇನ್ರಿ?” ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿ ತಿಳಿಯಬೇಕೆಂದೇ ಕೇಳಿದರು. ನಾನು ಎದ್ದು ನಿಂತೆ. ಡಿಸೆಂಬರಿನಲ್ಲಿ ಹಿತ್ತಲ ಕಟ್ಟೆಯ ಮೇಲೆ ಕೂತು ಯಾರು ಏನು ಹೇಳಿದರೆಂದು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಿತ್ತು. ನೀನು ಆಗ ಮೊದಲನೆಯ ಸಲ ನನ್ನ ಕಡೆ ನೋಡಿದೆ. ಚಿಕ್ಕಂದಿನಲ್ಲಿ ಲೋಟ ಒಡೆದಾಗ ನೋಡುತ್ತಿದ್ದೆಯಲ್ಲ, ಅದೇ ನೋಟ. “ಇಲ್ಲ” ಎಂದು ಕೂತುಬಿಟ್ಟೆ. ನಿನ್ನನ್ನು ಹಿಡುಕೊಡಲು ನನ್ನ ಕೈಲಾಗಲಿಲ್ಲ.

ಬುಧವಾರದ ಕೂಟ ಇನ್ನು ಮುಂದೆ ಪ್ರಭಾ ನಡೆಸಲಿ ಎಂದು ತೀರ್ಮಾನವಾಯಿತು.

ಮನೆಗೆ ಬಂದು ಭಾವನಿಗೆ ಹೇಳಿದೆ. ಯಾವುದಕ್ಕಾದರೂ ಒಂದು ತಮಾಷೆ ಇಟ್ಟುಕೊಂಡಿರುವ ಮನುಷ್ಯ, ಅವತ್ತು ನಿನ್ನ ಪಾಲಿನ ಬಸ್ಸಾರನ್ನು ತಟ್ಟೆಗೆ ಬಡಿಸಿಕೊಂಡು ಉಂಡು, ತಟ್ಟೆಯನ್ನು ತಾವೇ ತೊಳೆದಿಟ್ಟರು. ಭಾನುವಾರ ನಿನ್ನ ಪ್ರಸಂಗಕ್ಕೂ ಬರಲಿಲ್ಲ. ನಾನು ಬಂದೆ. ಇವತ್ತು ಹೊಸನ್ನ ಎಂದು ಜಯಕಾರ ಹಾಕಿ ಗರಿ ಬೀಸಿದವರೇ ಶುಕ್ರವಾರ ಶಿಲುಬೆಗೆ ಹಾಕಿ ಎಂದರು ಎಂದು ನೀನು ಚೆನ್ನಾಗಿಯೇ ಹೇಳಿದೆ. ನಿನ್ನ ಕಂಠ ಅಪ್ಪನ ಕಂಠ. ಹಿಂದಿನ ಸಾಲಿನಲ್ಲಿ ಯಾರೋ ಮುಸುಮುಸು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಮಂಗಳವಾರ ಪ್ರಭಾ ಬಂದಳು. ಬಾಗಿಲಲ್ಲೇ ನಿಂತು ಅಳಲು ಶುರುಮಾಡಿದಳು. “ನಾನೇ ಆಂಟಿ, ನಾನೇ ಹೇಳಿದ್ದು. ಬೇಕು ಅಂತ ಹೇಳ್ಲಿಲ್ಲ. ಊಟಕ್ಕೆ ಕೂತಾಗ ಮಾವ ಇವತ್ತೇನಮ್ಮ ಪಾಠ ಅಂದ್ರು. ನನಗೆ ಅಷ್ಟು ಖುಷಿಯಾಗಿತ್ತಲ್ಲ, ಎಲ್ಲಾ ಹೇಳ್ಬಿಟ್ಟೆ. ಅವರ ಮುಖ ಕೆಂಪಾದಾಗ್ಲೇ ಗೊತ್ತಾಗಿದ್ದು.” ಒಳಗೆ ಕರೆದು ಕಾಫಿ ಕೊಟ್ಟೆ. ಅವಳನ್ನು ಕ್ಷಮಿಸಲು ನನಗೆ ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. “ನಾಳೆ ಕೂಟದಲ್ಲಿ ನಾನೇನ್ ಹೇಳ್ಲಿ ಆಂಟಿ? ಪೇತ್ರನ ಪಾಠ, ನನಗೇನೂ ಗೊತ್ತಿಲ್ಲ” ಎಂದಳು. ಕೂರಿಸಿಕೊಂಡು ಹೇಳಿಕೊಟ್ಟೆ. ಸೆರೆಮನೆಗಾದರೂ ಸಾವಿಗಾದರೂ ನಿನ್ನ ಜೊತೆ ಬರುತ್ತೇನೆ ಎಂದವನು ಪೇತ್ರ. ಹಾಗೆ ಅಂದದ್ದು ಸುಳ್ಳಲ್ಲ, ಅಂದಾಗ ಅದು ನಿಜವೇ ಆಗಿತ್ತು. ಚಳಿಗೆ ಬೆಂಕಿ ಕಾಯಿಸಿಕೊಳ್ಳಲು ಗುರುವನ್ನು ಹಿಡಿದವರ ಮಧ್ಯೆಯೇ ಹೋಗಿ ಕೂತ, ಒಬ್ಬ ಕೆಲಸದ ಹುಡುಗಿ ಮುಖ ನೋಡಿ ನೀನೂ ಅವನ ಜೊತೆಯವನಲ್ಲವೇ ಎಂದು ಕೇಳಿದಳು, ಅಷ್ಟಕ್ಕೇ ಹೆದರಿದ. ಇಷ್ಟು ಹೇಳಿ ಎದ್ದು ಒಳಗೆ ಹೋದೆ. ನೀರು ಕುಡಿದು ಬಂದು ಉಳಿದದ್ದನ್ನು ಹೇಳಿದೆ. ಮರುದಿನ ಅವಳು ಅದನ್ನು ಚೆನ್ನಾಗಿ ಹೇಳಿದಳಂತೆ. ಚಿಕ್ಕಗಂಗಮ್ಮ ಬಂದು ತಿಳಿಸಿದಳು. ನಾನು ಹೋಗಲಿಲ್ಲ. ಆ ಹೊತ್ತಿಗೆ ಲಕ್ಷ್ಮಿದೇವಮ್ಮನವರ ಜೊತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದೆ.

ನಾನು ಎಷ್ಟೋ ವರ್ಷದಿಂದ ಪೇತ್ರನ ಪಾಠ ಮಾಡಿದ್ದೇನೆ ಕರುಣ. ಪ್ರತಿ ಸಲವೂ ಅವನ ಪರ ವಾದಿಸಿದ್ದೇನೆ. ಅವನು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ ಎಂಬಲ್ಲಿಗೆ ಬಂದಾಗ ಹೆಂಗಸರಿಗೆಲ್ಲ ಸಮಾಧಾನವಾಗುತ್ತಿತ್ತು, ನನಗೂ ಆಗುತ್ತಿತ್ತು. ಈ ವರ್ಷ ಬೇರೆಯೊಂದು ಕಣ್ಣಿಗೆ ಬಿತ್ತು. ಯೂದ ತಾನು ಯಾರ ಜೊತೆ ಸೇರಿ ಕೆಟ್ಟನೋ ಅವರ ಬಾಗಿಲಿಗೇ ತಿರುಗಿ ಹೋಗಿ, ನಾನು ಮಾಡಿದ್ದು ಪಾಪ, ಆತ ನಿರಪರಾಧಿ ಎಂದು ಎಲ್ಲರೆದುರು ಹೇಳಿದ. ಪೇತ್ರ ಅತ್ತದ್ದನ್ನು ಯಾರೂ ನೋಡಲಿಲ್ಲ. ಬೆಳಗಾದ ಮೇಲೆ ಆ ಅಂಗಳಕ್ಕೆ ವಾಪಸು ಹೋಗಿ, ಹೌದು, ಅವರು ನನ್ನವರು ಎಂದು ಅವನು ಹೇಳಿದನೇ? ಎಲ್ಲಿಯೂ ಬರೆದಿಲ್ಲ. ಬರೆದಿಲ್ಲದ್ದನ್ನು ಹೇಳಬಾರದೆಂದು ನೀನೇ ತೀರ್ಪು ಕೊಟ್ಟಿದ್ದೀಯ, ಆದ್ದರಿಂದ ಹೇಳುವುದಿಲ್ಲ.

ನೀನೂ ಆ ದಿನ ಎಲ್ಲಾದರೂ ಒಬ್ಬನೇ ಅತ್ತಿರಬಹುದು. ನನಗೆ ಬಂದದ್ದು ಈಸ್ಟರ್ ಕಾರ್ಡು. ಬಿಳಿಯ ಹೂವು, ಅಚ್ಚಾದ ಎರಡು ಸಾಲು, ಕೆಳಗೆ ನಿನ್ನ ಸಹಿ.

ಈಸ್ಟರ್ ಆರಾಧನೆ ಮುಗಿದ ಮೇಲೆ ಮರಿಯಪ್ಪನವರು ಎದ್ದು ನಿಂತು, ಜೂನ್‌ನಿಂದ ನೀನೇ ನಮ್ಮ ಅಯ್ಯನವರು ಎಂದು ತಿಳಿಸಿದರು. ಎಲ್ಲರೂ ನನ್ನನ್ನು ಮುತ್ತಿಕೊಂಡರು. “ತಮ್ಮನೇ ಬರ್ತಾರಲ್ಲ ವಿಮಲಮ್ಮ, ಇನ್ನೇನ್ ಬೇಕು!” ಎಂದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಸ್ವೀಟು ಹಂಚಬೇಕಂತೆ. ಹಂಚುತ್ತೇನೆ.

ಅಯ್ಯನವರ ಮನೆಯ ಅಡಿಗೆಕೋಣೆ ಸೋರುತ್ತದೆ, ಬರುವ ಮುಂಚೆ ಕಮಿಟಿಗೆ ಹೇಳಿ ಹೆಂಚು ಹೊದಿಸಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಮಾತಿಗೆ ಬಲ ಕೊಡಲಿ, ನಿನ್ನ ಕಾಲು ಎಲ್ಲಿಯೂ ಜಾರದಿರಲಿ. ಕೋಪದಲ್ಲಿ ಬರೆದಿದ್ದೇನೆ, ಆದರೆ ಹರಕೆಯಲ್ಲಿ ಸುಳ್ಳಿಲ್ಲ.

ವಿಮಲ

ತಾ. ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಪಾಠ ಹೋದದ್ದು ನೋವಾಯಿತು, ಆದರೆ ಊಟ ಸೇರದ ಹಾಗೆ ಮಾಡಿದ್ದು ಅದಲ್ಲ. ‘ನನಗೆ ತಿಳಿಯದು’ ಎಂದದ್ದೂ ಅಲ್ಲ. ಈ ಜಾಗಕ್ಕೆ ಆಸೆಪಟ್ಟು ಹೆದರಿ ಹೇಳಿದೆ ಎಂದುಕೊಂಡು ಅದನ್ನು ನುಂಗಬಲ್ಲೆ. ನೀನು ನನ್ನನ್ನು ‘ಸಹೋದರಿಯವರು’ ಎಂದೆ. ಸಭೆಯಲ್ಲಿ ಎಲ್ಲ ಹೆಂಗಸರೂ ಸಹೋದರಿಯರೇ, ಗೊತ್ತು. ಚಿಕ್ಕಗಂಗಮ್ಮನೂ ಸಹೋದರಿ, ಮರಿಯಪ್ಪನವರ ಹೆಂಡತಿಯೂ ಸಹೋದರಿ. ಆದರೆ ನೀನು ಮಾತು ಕಲಿತಾಗಿನಿಂದ ನಾನು ನಿನಗೆ ಅಕ್ಕ. ‘ಇವರು ನಮ್ಮಕ್ಕ, ಆದರೆ ಇವರು ಹೇಳಿದ್ದು ತಪ್ಪು’ ಎಂದಿದ್ದರೆ ನಾನು ತಲೆಬಾಗಿಸಿ ಒಪ್ಪಿಕೊಂಡು ಮನೆಗೆ ಬಂದು ನಿನಗೆ ಮುದ್ದೆ ತಿರುವಿ ಹಾಕುತ್ತಿದ್ದೆ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ತಿಳಿಯದವರು ಅಲ್ಲಿ ಒಬ್ಬರೇ ಒಬ್ಬರು, ಆ ಅಧ್ಯಕ್ಷರು; ಅವರಿಗೆ ತಿಳಿಯದಿರಲಿ ಎಂದು ನೀನು ಆ ಮಾತು ಹುಡುಕಿ ತೆಗೆದೆ.

ಅವತ್ತು ವಿಚಾರಣೆ ಮುಗಿದು ವಾಪಸು ಬರುವಾಗ ಅದೇ ಅಧ್ಯಕ್ಷರು ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖವನ್ನೇ ನೋಡಿ, “ಹಣಿ, ಮೂಗು ಎಲ್ಲಾ ಆ ಕುಣಿಗಲ್ ಅಯ್ಯನವರ ಹಂಗ ಅದಾವಲ್ರಿ. ಅವರು ನಿಮಗ ಏನಾಗಬೇಕು?” ಎಂದು ಕೇಳಿದರು.

“ಸಹೋದರರು” ಎಂದೆ.

“ಹೌದ್ ಬಿಡ್ರಿ, ಕರ್ತನೊಳಗ ನಾವೆಲ್ಲಾರೂ ಸಹೋದರರ” ಎಂದು ನಗುತ್ತ ಬಸ್ಸು ಹತ್ತಿದರು. ನಾನು ಅಂದದ್ದನ್ನು ಅವರು ಸಭೆಯ ಮಾತೆಂದುಕೊಂಡರು. ನಾನೂ ಆ ಅರ್ಥದಲ್ಲೇ ಅಂದಿದ್ದೆ.